ಅಕ್ಕನಿಗೆ ನಾನು ಮಾಡಿಕೊಟ್ಟ ಆಫೀಸು

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇಪ್ಪತ್ತೆರಡು ವರ್ಷದಿಂದ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದೇನೆ. ನಾನು ಕೂರಿಸಿದ ಸ್ವಿಚ್ ಬೋರ್ಡ್ ಮುಟ್ಟಿ ಯಾರಾದರೂ ‘ಸ್ವಲ್ಪ ಜುಮ್ ಅಂತು’ ಎಂದರೆ ನನಗೆ ಅನುಮಾನ ಬರುವುದು ಬೋರ್ಡಿನ ಮೇಲಲ್ಲ, ಅವರ ಬೆರಳಿನ ಮೇಲೆ. ಓಣಿಯಲ್ಲಿ ನನ್ನ ನಿಜವಾದ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರಿಗೂ ನಾನು ‘ಕರೆಂಟು’. ಇಷ್ಟೆಲ್ಲ ಜಂಭ ಕೊಚ್ಚಿಕೊಳ್ಳುತ್ತಿರುವುದಕ್ಕೆ ಕಾರಣವಿದೆ. ನನ್ನ ಕೆಲಸದ ಈ ಅಚ್ಚುಕಟ್ಟೇ ನನ್ನ ಅಕ್ಕನ ಕುತ್ತಿಗೆಗೆ ಬಂತು. ಅವಳ ಕಥೆ ಹೇಳಬೇಕೆಂದರೆ ನನ್ನ ದಡ್ಡತನವನ್ನೂ ಹೇಳಲೇಬೇಕು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನಮ್ಮಮ್ಮ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಾಗ ಅವಳಿಗೆ ಹದಿನೇಳು. ಕಾಲೇಜು ಬಿಟ್ಟಳು. ಬಿಡು ಎಂದು ಯಾರೂ ಹೇಳಲಿಲ್ಲ, ಅವಳೇ ಬಿಟ್ಟಳು. ನಾಲ್ಕು ವರ್ಷ ಆ ಒಂದು ಕೋಣೆಯಲ್ಲಿ ಅಮ್ಮನಿಗೆ ತಿನ್ನಿಸಿ, ಮೈ ಒರೆಸಿ, ಮಗ್ಗುಲು ತಿರುಗಿಸಿ, ನಡುನಡುವೆ ನನ್ನನ್ನು ಬೈದು ಓದಿಸಿ ಕಾಲ ಕಳೆದಳು. ಆಮೇಲೆ ನಾನು ವೈರಿಂಗ್ ಕಲಿಯುವಾಗ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಲ್ಲುತ್ತಿದ್ದವಳೂ ಅವಳೇ. ಯಾವ ಬಣ್ಣದ ವೈರು ಯಾವ ಸ್ಕ್ರೂಗೆ ಹೋಗುತ್ತದೆ ಎನ್ನುವುದು ನನಗಿಂತ ಮೊದಲು ಅವಳಿಗೆ ಬಾಯಿಪಾಠವಾಗಿತ್ತು.

ಅಮ್ಮ ತೀರಿಕೊಂಡ ಮೇಲೆ ಅಕ್ಕನಿಗೆ ಮದುವೆಯಾಯಿತು. ಭಾವ ಕೆಟ್ಟವರಲ್ಲ, ಸುಮ್ಮನೆ ಹೇಳಬಾರದು. ಗೋದಾಮಿನಲ್ಲಿ ಮೇಲ್ವಿಚಾರಕರು. ಯಾವ ವಸ್ತು ಎಲ್ಲಿರಬೇಕೋ ಅಲ್ಲೇ ಇದ್ದರೆ ಅವರಿಗೆ ನಿದ್ದೆ ಬರುತ್ತದೆ, ಹೆಂಡತಿಯ ವಿಷಯದಲ್ಲೂ ಅಷ್ಟೇ. ಮನೆಯಲ್ಲಿ ಅವರ ತಾಯಿ, ಇಬ್ಬರು ಮಕ್ಕಳು. ಚಿಕ್ಕವನು ಶಾಲೆಗೆ ಸೇರಿದ ವರ್ಷ, ಒಬ್ಬರ ದುಡಿಮೆ ಸಾಲುತ್ತಿಲ್ಲ ಎಂದು ಅಕ್ಕನೂ ಕೆಲಸಕ್ಕೆ ಹೊರಟಳು. ಅದಾಗಿ ಐದು ವರ್ಷ.

ಅವಳ ಕೆಲಸ ಕೇಳಿದರೆ ನಿಮಗೆ ವಿಚಿತ್ರ ಎನಿಸಬಹುದು. ಆಸ್ಪತ್ರೆಯ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಏನು ಕಂಡಿತು, ಏನು ಕೊಟ್ಟೆ ಎಂದು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿಡುತ್ತಾರೆ. ಅಕ್ಕ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅದನ್ನೆಲ್ಲ ಕೇಳಿ ಟೈಪ್ ಮಾಡುತ್ತಾಳೆ. ಒಬ್ಬ ಡಾಕ್ಟರು ಬಾಯಲ್ಲಿ ಏನೋ ಅಗಿಯುತ್ತಲೇ ಮಾತಾಡುತ್ತಾರಂತೆ, ಅವರ ಮಾತು ಇಡೀ ಆಫೀಸಿನಲ್ಲಿ ಅಕ್ಕನಿಗೊಬ್ಬಳಿಗೇ ತಿಳಿಯುತ್ತಿತ್ತಂತೆ. ನಾನು ಒಂದು ಸಲ ಕೆಮ್ಮಿದರೆ ಸಾಕು, ‘ಎಷ್ಟು ದಿನದಿಂದ? ಕಫ ಯಾವ ಬಣ್ಣ?’ ಎಂದು ವಿಚಾರಣೆ ಶುರು. ‘ಓದದೇ ಡಾಕ್ಟರಾದೋಳು ನೀನು’ ಎಂದು ನಾನು ರೇಗಿಸುತ್ತಿದ್ದೆ.

ಆಫೀಸು ಊರಿನ ಇನ್ನೊಂದು ತುದಿಯಲ್ಲಿ. ಬಸ್ಸಿನಲ್ಲಿ ಐವತ್ತು ನಿಮಿಷ. ಅಷ್ಟು ದೂರ ದಿನಾ ಅಲೆಯುತ್ತಾಳಲ್ಲಾ ಪಾಪ ಎನ್ನುತ್ತಿದ್ದೆ ನಾನು. ಅದಕ್ಕೇ, ಇನ್ನು ಮನೆಯಲ್ಲೇ ಕೂತು ಕೆಲಸ ಮಾಡಿ ಎಂದು ಕಂಪನಿಯವರು ಹೇಳಿದ ದಿನ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ನಾನು.

ಕಂಪನಿ ಎರಡು ಮಹಡಿ ಖಾಲಿ ಮಾಡುತ್ತಿತ್ತು. ಆದರೆ ಮನೆಯಲ್ಲಿ ಕೂರುವುದಕ್ಕೂ ನಿಯಮವಿತ್ತು. ಕೆಲಸಕ್ಕೆಂದೇ ಬೇರೆ ಕೋಣೆ ಇರಬೇಕು. ರೋಗಿಗಳ ಗುಟ್ಟು ಬೇರೆಯವರ ಕಣ್ಣಿಗೆ ಕಿವಿಗೆ ಬೀಳದಂತೆ ಬಾಗಿಲು ಮುಚ್ಚುವಂತಿರಬೇಕು. ಕುರ್ಚಿ, ಮೇಜು, ಗಾಳಿ, ಬೆಳಕು, ವೈರಿಂಗ್ ಎಲ್ಲವೂ ಕ್ಷೇಮ ಎಂದು ಫೋಟೋ ಸಮೇತ ತೋರಿಸಬೇಕು. ಫಾರಮ್ಮಿನಲ್ಲಿ ನಲವತ್ತೊಂದು ಪ್ರಶ್ನೆ. ಎರಡು ಸಲ ಫೋಟೋ ಕಳಿಸಬಹುದು, ಆಗಲೂ ಸರಿಯಿಲ್ಲದಿದ್ದರೆ ಅವರೇ ಬಂದು ನೋಡುತ್ತಾರೆ. ಅದರಲ್ಲೂ ನಪಾಸಾದವರಿಗೆ ಹಳೇ ಆಫೀಸಿನಲ್ಲಿ ಉಳಿಸಿಕೊಂಡಿರುವ ಮೂವತ್ತು ಸೀಟಿನಲ್ಲಿ ಒಂದು ಕೊಡುತ್ತಾರೆ.

ನನ್ನ ಅಕ್ಕನಿಗೆ ಬೇಕಾಗಿದ್ದು ಆ ಮೂವತ್ತು ಸೀಟಿನಲ್ಲಿ ಒಂದು. ಮನೆಯ ಕೋಣೆ ನಪಾಸಾಗಲಿ ಎಂದೇ ಅವಳು ಜೀವ ಕೈಯಲ್ಲಿ ಹಿಡಿದುಕೊಂಡಿದ್ದಳು. ಇದು ನಿಮಗೆ ಈಗಲೇ ಗೊತ್ತಾಯಿತು. ಅವಳ ಜೊತೆ ಹುಟ್ಟಿದ ನನಗೆ ಗೊತ್ತಾಗಲು ಒಂದು ತಿಂಗಳು ಬೇಕಾಯಿತು. ಆ ಒಂದು ತಿಂಗಳು ನಾನು ಕಚ್ಚೆ ಕಟ್ಟಿಕೊಂಡು ಅವಳ ದಾರಿಯನ್ನೆಲ್ಲ ಮುಚ್ಚುತ್ತ ಹೋದೆ.

ಅಡುಗೆಮನೆಯ ಪಕ್ಕ ಒಂದು ಸಾಮಾನು ಕೋಣೆಯಿತ್ತು. ಏಳಡಿ ಉದ್ದ, ಆರಡಿ ಅಗಲ. ಹಳೇ ಮಂಚದ ಕಾಲು, ಒಡೆದ ಸೈಕಲ್ಲು, ಹರಿದ ಹಾಸಿಗೆ, ಭಾವನಿಗೆ ಬಿಸಾಡಲು ಮನಸ್ಸು ಬಾರದ ರಟ್ಟಿನ ಪೆಟ್ಟಿಗೆಗಳು.

‘ಈ ಗೂಡಲ್ಲಿ ಏನಾಗುತ್ತೆ, ಬಿಡೋ’ ಎಂದಳು ಅಕ್ಕ.

‘ಏನಾಗುತ್ತೆ ಅಂತ ಕೇಳ್ತೀಯಾ? ನೋಡ್ತಾ ಇರು ನೀನು’ ಎಂದೆ.

ಮೇನ್ ಬೋರ್ಡಿನಿಂದಲೇ ಆ ಕೋಣೆಗೆಂದು ಬೇರೆ ಲೈನ್ ಎಳೆದೆ. ಮಿಕ್ಸಿ ಹಾಕಿದರೂ ಅವಳ ಕಂಪ್ಯೂಟರಿಗೆ ಏನೂ ಆಗಬಾರದು. ಎಲ್ಲಾದರೂ ಕರೆಂಟು ಸೋರಿದರೆ ರೆಪ್ಪೆ ಮಿಟುಕಿಸುವಷ್ಟರಲ್ಲಿ ತಾನೇ ಬಿದ್ದುಹೋಗುವ ಸ್ವಿಚ್ ಹಾಕಿದೆ. ಒಂದು ವೈರೂ ನೆಲದ ಮೇಲೆ ಹರಿದಾಡದಂತೆ ಗೋಡೆಗುಂಟ ಪಟ್ಟಿಯೊಳಗೆ ಓಡಿಸಿದೆ. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಮೊಣಕೈಯ ಎತ್ತರ ಅಳೆದು, ಮೇಜಿನ ಕಾಲನ್ನು ಒಂದೂವರೆ ಇಂಚು ಕತ್ತರಿಸಿದೆ. ಅವಳು ಗೊಂಬೆಯ ಹಾಗೆ ಕೂತಿದ್ದಳು. ಬೆನ್ನು ನೆಟ್ಟಗೆ ಮಾಡು ಎಂದರೆ ಮಾಡಿದಳು, ಪಾದ ಊರು ಎಂದರೆ ಊರಿದಳು. ಪಾದ ಪೂರ್ತಿ ನೆಲಕ್ಕೆ ತಾಗಲಿಲ್ಲ, ಅದಕ್ಕೊಂದು ಮಣೆ ಮಾಡಿದೆ.

ಮೊದಲ ಸಲ ಅಕ್ಕ ಫಾರಮ್ಮು ತುಂಬಿ ಫೋಟೋ ಕಳಿಸಿದಾಗ ನಪಾಸಾಯಿತು. ಕೋಣೆಗೆ ಗಾಳಿಯಿಲ್ಲವಂತೆ. ಅಲ್ಲದೆ ಕಂಪ್ಯೂಟರಿನ ಪ್ಲಗ್ ಪಾಯಿಂಟಿನಲ್ಲೇ ಇಸ್ತ್ರಿಪೆಟ್ಟಿಗೆಯೂ ಸಿಕ್ಕಿಸಿತ್ತಂತೆ. ನನ್ನ ಪಿತ್ತ ನೆತ್ತಿಗೇರಿತು.

‘ಯಾರ್ರೀ ಇಸ್ತ್ರಿಪೆಟ್ಟಿಗೆ ತಂದು ಇಲ್ಲಿಟ್ಟೋರು?’ ಎಂದು ನಡುಮನೆಯಲ್ಲಿ ನಿಂತು ಕೂಗಾಡಿದೆ.

‘ನನ್ನ ಮುಖ ಯಾಕಪ್ಪಾ ನೋಡ್ತೀಯ? ಮಂಡಿ ನೋವಿನೋಳು ನಾನು, ಆ ಕೋಣೆಗೆ ಕಾಲೇ ಇಟ್ಟಿಲ್ಲ’ ಎಂದರು ಅಕ್ಕನ ಅತ್ತೆ.

ಅಕ್ಕ ತರಕಾರಿ ಹೆಚ್ಚುತ್ತ, ‘ಹೋಗ್ಲಿ ಬಿಡೋ. ನಿನ್ನ ಕೆಲಸ ಬಿಟ್ಟು ಇಲ್ಲಿಗೆ ಬರ್ಬೇಡ’ ಎಂದಳು. ಎಂಥ ಸಂಕೋಚ ನೋಡು ಇವಳಿಗೆ, ಸ್ವಂತ ತಮ್ಮನ ಹತ್ತಿರ, ಎಂದುಕೊಂಡು ನಾನು ಮರುದಿನವೇ ಗೋಡೆ ಒಡೆದು ಗಾಳಿಗೆ ಫ್ಯಾನು ಕೂರಿಸಿದೆ. ಮೇಲುಗಡೆ ಬೆಳಕಿಗೆಂದು ಗಾಜಿನ ಕಿಂಡಿಯನ್ನೂ ಬಿಟ್ಟೆ. ಬೆಳಕು ಬರುತ್ತಿತ್ತು, ಆದರೆ ಕೂತವರಿಗೆ ಹೊರಗಿನದು ಏನೂ ಕಾಣುತ್ತಿರಲಿಲ್ಲ.

ಎರಡನೇ ಸಲವೂ ನಪಾಸು. ಕುರ್ಚಿ ಅಲುಗಾಡುತ್ತದೆ, ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ನಾನು ನೋಡಿದಾಗ ಗಟ್ಟಿಯಾಗಿದ್ದ ಕುರ್ಚಿಯದು! ಬಾಗಿಲಿನ ಕೆಳಗೆ ಒಂದು ಚೂರು ರಟ್ಟು ಸಿಕ್ಕಿಕೊಂಡಿತ್ತು. ಮಕ್ಕಳ ಕಿವಿ ಹಿಂಡಿದೆ. ‘ನಾವಲ್ಲ ಮಾಮ’ ಎಂದು ಅತ್ತವು ಪಾಪ. ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಬಡಿದೆ, ಹೊಸ ಕುರ್ಚಿಯನ್ನು ನಾನೇ ಹೊತ್ತು ತಂದೆ. ಭಾವ ಬೆನ್ನು ತಟ್ಟಿದರು.

‘ಏನೇ ಹೇಳು, ನಿನ್ನಂಥ ಭಾಮೈದ ಸಿಗೋಕೆ ಪುಣ್ಯ ಮಾಡಿರ್ಬೇಕು’ ಎಂದರು. ‘ಇವಳು ಮನೇಲಿದ್ರೆ ಅಮ್ಮನಿಗೆ ಹೊತ್ತುಹೊತ್ತಿಗೆ ಮಾತ್ರೆ ಆಗುತ್ತೆ, ಮಕ್ಕಳು ಬಂದಾಗ ಬಾಗಿಲು ತೆಗೆಯೋಕೆ ಒಬ್ಬರು ಇರ್ತಾರೆ.’

ನಾನು ಹಲ್ಲು ಕಿರಿದೆ. ಅಕ್ಕ ಲೋಟ ತೊಳೆಯುತ್ತಿದ್ದಳು. ಅವಳ ಮುಖ ನೋಡಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ತಪಾಸಣೆಯವರು ಬರುವುದಕ್ಕೆ ಎರಡು ದಿನ ಮುಂಚೆ, ಎಲ್ಲವನ್ನೂ ಇನ್ನೊಮ್ಮೆ ನೋಡಿಬಿಡೋಣ ಎಂದು ಹೋದೆ. ಮೇಜಿನ ಹಿಂದಿನ ಬೋರ್ಡು ಬಿಚ್ಚಿದವನು ಬೆಚ್ಚಿಬಿದ್ದೆ. ಹಸಿರು ವೈರು ಸ್ಕ್ರೂನಿಂದ ಹೊರಗೆ ಬಂದಿತ್ತು. ಷಾಕ್ ಹೊಡೆಯದಂತೆ ಮನುಷ್ಯನ ಜೀವ ಕಾಯುವ ವೈರದು. ಸಡಿಲವಾಗಿ ಕಳಚಿಕೊಂಡದ್ದಲ್ಲ, ಯಾರೋ ಬಿಚ್ಚಿದ್ದರು. ತುದಿಗೆ ಟೇಪು ಸುತ್ತಿ ಬೇರೆ ವೈರಿಗೆ ತಾಗದ ಹಾಗೆ ಮಡಚಿ ಮೂಲೆಯಲ್ಲಿ ಸೇರಿಸಿದ್ದರು. ಇಲಿ ಟೇಪು ಸುತ್ತುವುದಿಲ್ಲ. ಭಾವನಿಗೆ ಸ್ಕ್ರೂಡ್ರೈವರನ್ನು ಯಾವ ಕಡೆಯಿಂದ ಹಿಡಿಯಬೇಕೆಂದೂ ತಿಳಿಯದು. ಆ ಮನೆಯಲ್ಲಿ ಈ ಕೆಲಸ ಬರುತ್ತಿದ್ದವಳು ಒಬ್ಬಳೇ.

ಅಕ್ಕ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

‘ಯಾರು ಬಿಚ್ಚಿದ್ದು ಅದನ್ನ?’

‘ಯಾವುದನ್ನ?’

‘ಅಕ್ಕಾ, ನನ್ನ ಹತ್ರ ನಾಟಕ ಬೇಡ.’

ಒದ್ದೆ ಹೊದಿಕೆಯನ್ನು ಹಗ್ಗದ ಮೇಲೆ ಹಾಕಿ, ಸುಕ್ಕು ಎಳೆದು, ‘ನಾನೇ’ ಎಂದಳು.

‘ನಿಂಗೇನು ತಲೆ ಕೆಟ್ಟಿದೆಯಾ? ಮಕ್ಕಳು ಮುಟ್ಟಿದ್ರೆ ಏನು ಗತಿ?’

‘ಆ ಪಾಯಿಂಟಿಗೆ ಏನೂ ಸಿಕ್ಕಿಸಿಲ್ಲ. ಮಕ್ಕಳು ಒಳಗೆ ಹೋಗದ ಹಾಗೆ ಬಾಗಿಲಿಗೆ ಬೀಗ ಹಾಕಿ ಬೀಗದಕೈ ಸೊಂಟದಲ್ಲಿ ಇಟ್ಕೊಂಡಿದೀನಿ. ಅಷ್ಟು ಗೊತ್ತಿಲ್ವಾ ನಂಗೆ? ಇವತ್ತು ನೀನು ಕೇಳಿದೆ ಅಂತ ತೆಗೆದುಕೊಟ್ಟೆ.’

‘ಮತ್ತೆ ಯಾಕೆ ಬಿಚ್ಚಿದೆ?’

‘ನಪಾಸಾಗ್ಲಿ ಅಂತ.’

ಅಕ್ಕ ಎರಡು ಹೊದಿಕೆಗಳ ನಡುವೆ ನಿಂತು ಮಾತಾಡಿದಳು, ಕೆಳಗೆ ಕೇಳಿಸದ ಹಾಗೆ. ಅಷ್ಟು ಮಾತು ಅವಳು ಒಟ್ಟಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ.

‘ಬೆಳಗ್ಗೆ ಬಸ್ ಹತ್ತಿ ಕಿಟಕಿ ಪಕ್ಕ ಕೂತ್ರೆ ಇಳಿಯೋ ತನಕ ನಾನು ಯಾರ ಅಮ್ಮನೂ ಅಲ್ಲ, ಯಾರ ಸೊಸೇನೂ ಅಲ್ಲ. ಯಾರಿಗೂ ಏನೂ ತಂದುಕೊಡೋದು ಬೇಡ. ಸುಮ್ನೆ ಅಂಗಡಿ ಬೋರ್ಡ್ ಓದ್ಕೊಂಡು ಹೋಗ್ತೀನಿ. ಆಫೀಸಲ್ಲಿ ನಾವು ನಾಲ್ಕು ಜನ ಮೆಟ್ಟಿಲ ಮೇಲೆ ಕೂತು ಊಟ ಮಾಡ್ತೀವಿ, ನಗ್ತೀವಿ. ಸಂಜೆ ಮತ್ತೆ ಬಸ್ಸು. ನಂಗೆ ಇರೋದೇ ಅಷ್ಟು ಕಣೋ. ಇನ್ನು ಮೇಲೆ ಬೆಳಗ್ಗೆ ಎದ್ದು ಅಡುಗೆಮನೆ, ಅಲ್ಲಿಂದ ನಾಲ್ಕು ಹೆಜ್ಜೆ ಇಟ್ರೆ ಆ ಗೂಡು, ಗೂಡಿಂದ ಮತ್ತೆ ಅಡುಗೆಮನೆ. ಅಮ್ಮನ ಕೋಣೇಲಿ ನಾಲ್ಕು ವರ್ಷ ಇದ್ದೆ, ನಮ್ಮಮ್ಮ, ಬೇಜಾರಾಗ್ಲಿಲ್ಲ. ಇದು ನಂಗಾಗಲ್ಲ. ನೀನು ಒಂದೊಂದು ಮೊಳೆ ಹೊಡೆಯೋವಾಗ್ಲೂ ಉಸಿರು ಕಟ್ಟಿದ ಹಾಗೆ ಆಗ್ತಿತ್ತು.’

‘ನಂಗೆ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?’

‘ಬೇಡ ಬಿಡೋ, ಬರ್ಬೇಡ ಅಂತ ನಾಲ್ಕು ಸಲ ಹೇಳಿದ್ನಲ್ಲೋ.’

ನಾಲಿಗೆ ಕಚ್ಚಿಕೊಂಡೆ. ಹೇಳಿದ್ದಳು, ನಿಜ. ನಾನು ಅದನ್ನು ಸಂಕೋಚ ಎಂದುಕೊಂಡು ಗೋಡೆ ಒಡೆದಿದ್ದೆ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ. ‘ಭಾವನಿಗೆ ನೇರವಾಗಿ ಹೇಳು’ ಎಂದೆ. ‘ಏನಂತ ಹೇಳ್ಲಿ? ಎಲ್ಲರಿಗೂ ಒಳ್ಳೇದಾಗ್ತಿದೆ, ನಿಂಗೇನು ಕಷ್ಟ ಅಂತಾರೆ’ ಎಂದಳು.

ಹಸಿರು ವೈರನ್ನು ಮಾತ್ರ ಹಾಗೇ ಬಿಡಲು ನನ್ನ ಕೈ ಒಪ್ಪಲಿಲ್ಲ, ಬೇಕಾದರೆ ಬೈಯಿರಿ. ಮತ್ತೆ ಬಿಗಿದೆ. ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಫಾರಮ್ಮನ್ನು ಅಕ್ಷರ ಬಿಡದೆ ಓದಿದೆವು, ಎಲ್ಲಾದರೂ ಒಂದು ದಾರಿ ಸಿಗುತ್ತದಾ ಎಂದು. ಕಡೆಯ ಪುಟದಲ್ಲಿ ಸಿಕ್ಕಿತು. ನಲವತ್ತೊಂದನೇ ಪ್ರಶ್ನೆ: ಮನೆಯಿಂದ ಕೆಲಸ ಮಾಡಲು ನೌಕರರಿಗೆ ಒಪ್ಪಿಗೆ ಇದೆಯೇ? ಇದನ್ನು ತಪಾಸಣೆಯವರು ನೌಕರರೊಬ್ಬರನ್ನೇ ಕೂರಿಸಿಕೊಂಡು ಕೇಳತಕ್ಕದ್ದು. ಒಪ್ಪಿಗೆ ಇಲ್ಲದಿದ್ದರೆ ಆಫೀಸಿನಲ್ಲಿ ಸೀಟು.

‘ಅಯ್ಯೋ, ಇಷ್ಟೇನಾ!’ ಎಂದೆ. ‘ಯಾವ ಸ್ಕ್ರೂನೂ ಬಿಚ್ಚೋದು ಬೇಡ. ಒಂದೇ ಮಾತು ಅಕ್ಕಾ. ಬೇಡ ಅನ್ನು, ಸಾಕು.’

ಅಲ್ಲೇ ಅಭ್ಯಾಸವೂ ನಡೆಯಿತು. ನಾನು ಬಟ್ಟೆ ಕ್ಲಿಪ್ಪಿನ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು, ಮೂಗಿನ ತುದಿಗೆ ಇಲ್ಲದ ಕನ್ನಡಕ ಏರಿಸಿ, ‘ಏನಮ್ಮಾ, ಒಪ್ಪಿಗೆ ಇದೆಯಾ?’ ಎಂದೆ. ಮೊದಲ ಎರಡು ಸಲ ಅವಳಿಗೆ ನಗು ತಡೆಯಲಾಗಲಿಲ್ಲ. ಮೂರನೇ ಸಲ ‘ಬೇಡ’ ಎಂದಳು. ‘ಜೋರಾಗಿ’ ಎಂದೆ. ‘ಬೇಡ!’ ಎಂದಳು. ಹನ್ನೆರಡು ವರ್ಷದ ಹುಡುಗಿಯ ಹಾಗೆ ಕೆನ್ನೆ ಕೆಂಪಾಗಿತ್ತು.

ತಪಾಸಣೆಗೆ ಬಂದವರು ಒಬ್ಬ ಹೆಂಗಸು, ಐವತ್ತರ ಹತ್ತಿರದವರು. ಸೌಮ್ಯ ಮಾತು, ಆದರೆ ಕಣ್ಣು ಬಲು ಚುರುಕು. ಭಾವ ರಜೆ ಹಾಕಿ ಹೊಸ ಅಂಗಿ ತೊಟ್ಟು ನಿಂತಿದ್ದರು. ಆಕೆ ಟೇಪು ಹಿಡಿದು ಅಳೆದರು, ಕುರ್ಚಿ ತಿರುಗಿಸಿದರು, ಮೇಜಿನ ಕೆಳಗೆ ಬಗ್ಗಿ ನೋಡಿದರು. ಎದ್ದು ನಿಂತು, ‘ಈ ವೈರಿಂಗ್ ಯಾರು ಮಾಡಿದ್ದು?’ ಎಂದರು.

‘ನಾನೇ ಮೇಡಂ’ ಎಂದೆ.

‘ನೂರಾರು ಮನೆ ನೋಡಿದೀನಿ. ಇಷ್ಟು ಅಚ್ಚುಕಟ್ಟು ಎಲ್ಲೂ ನೋಡಿಲ್ಲ.’

ಅಲ್ಲಿಗೆ ಮುಗಿಯಿತು ನನ್ನ ಕಥೆ. ಉಬ್ಬಿಹೋದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೆಲಸವನ್ನು ತಿಳಿದು ಮೆಚ್ಚಿದವರು ಒಬ್ಬರೂ ಇರಲಿಲ್ಲ. ದೀಪ ಉರಿದರೆ ಸಾಕು ಎನ್ನುವ ಗಿರಾಕಿಗಳೇ ಎಲ್ಲ. ‘ಇದು ನೋಡಿ ಮೇಡಂ, ಇಲ್ಲಿ ಬನ್ನಿ ಮೇಡಂ’ ಎಂದು ಬೋರ್ಡು ಬಿಚ್ಚಿ ಒಳಗಿನ ಜೋಡಣೆ ತೋರಿಸಿದೆ. ಸ್ವಿಚ್ ಬೀಳಿಸಿ ಎತ್ತಿ ತೋರಿಸಿದೆ. ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಕಾಗದದ ಚೂರು ಹಿಡಿದು ತೋರಿಸಿದೆ. ‘ಇಲ್ಲಿ ದಿನಕ್ಕೆ ಹತ್ತು ಗಂಟೆ ಕೂತ್ರೂ ಆಯಾಸ ಅನ್ನೋದಿಲ್ಲ, ಬರೆದುಕೊಡ್ತೀನಿ’ ಎಂದುಬಿಟ್ಟೆ. ಆಡಿದ ಮೇಲೆ ಅಕ್ಕನ ನೆನಪಾಯಿತು. ತಿರುಗಿದೆ. ಅವಳು ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. ಕೋಪವಿರಲಿಲ್ಲ ಆ ಮುಖದಲ್ಲಿ, ಚಿಕ್ಕಂದಿನಲ್ಲಿ ನಾನು ಪಾಸಾಗಿ ಬಂದಾಗ ನೋಡುತ್ತಿದ್ದ ಹಾಗೆ ನೋಡುತ್ತಿದ್ದಳು.

‘ಇನ್ನು ನೀವೆಲ್ಲ ಸ್ವಲ್ಪ ಹೊರಗಿರಿ. ಇವರ ಹತ್ರ ಒಂದು ಪ್ರಶ್ನೆ ಕೇಳೋದಿದೆ’ ಎಂದರು ಆಕೆ.

ನಾವು ನಡುಮನೆಯಲ್ಲಿ ಕೂತೆವು. ಒಳಗಿನಿಂದ ಒಂದು ಸದ್ದೂ ಬರಲಿಲ್ಲ. ಭಾವ ಗಡಿಯಾರ ನೋಡಿದರು, ಅತ್ತೆ ಮಂಡಿ ನೀವಿಕೊಂಡರು. ನಾನು ಮನಸ್ಸಿನಲ್ಲೇ ‘ಬೇಡ ಅನ್ನು, ಬೇಡ ಅನ್ನು’ ಎಂದುಕೊಳ್ಳುತ್ತಿದ್ದೆ. ಐದು ನಿಮಿಷ ಆಗಿರಬೇಕು, ಬಾಗಿಲು ತೆರೆಯಿತು. ಆಕೆ ಪೆನ್ನಿನ ಮುಚ್ಚಳ ಹಾಕುತ್ತ ಬಂದು ಭಾವನ ಕಡೆ ನಕ್ಕರು.

‘ಎಲ್ಲ ಸರಿಯಾಗಿದೆ. ಸೋಮವಾರದಿಂದ ಇಲ್ಲಿಂದಲೇ ಶುರು ಮಾಡ್ಬಹುದು. ಉಳಿದಿದ್ದ ಒಂದು ಸೀಟನ್ನ ಇವತ್ತೇ ಬೇರೆಯವರಿಗೆ ಕೊಟ್ಟುಬಿಡ್ತೀವಿ’ ಎಂದರು. ಭಾವ ಅವರನ್ನು ಬೀದಿಯ ತನಕ ಬಿಟ್ಟುಬರಲು ಹೋದರು.

ನಾನು ಆ ಕೋಣೆಗೆ ನುಗ್ಗಿದೆ. ಅಕ್ಕ ಕುರ್ಚಿಯ ಮೇಲೆ ಕೂತಿದ್ದಳು, ನಾನು ಹೇಳಿಕೊಟ್ಟ ಹಾಗೆ, ಬೆನ್ನು ನೆಟ್ಟಗೆ.

‘ಏನಂದೆ ಅಕ್ಕಾ?’

‘ಒಪ್ಪಿಗೆ ಇದೆ ಅಂದೆ.’

‘ಯಾಕೆ? ಯಾಕಕ್ಕಾ? ಯಾರೂ ಇರಲಿಲ್ಲವಲ್ಲ ಒಳಗೆ!’

‘ಮೊದಲು ಬೇಡ ಅಂತಾನೇ ಅಂದೆ ಕಣೋ. ಒಳ್ಳೆ ಹೆಂಗಸು, ಸರಿಯಮ್ಮಾ ಅಂದ್ರು. ಬೇಡ ಅಂದ್ರೆ ಕಾರಣ ಅಂತ ಒಂದು ಸಾಲು ಬರೀಬೇಕು, ಏನು ತೊಂದ್ರೆ ಹೇಳಿ ಅಂತ ಪೆನ್ನು ಹಿಡ್ಕೊಂಡು ಕೂತ್ರು.’ ಅಕ್ಕ ಗೋಡೆಯನ್ನು ಒಂದು ಸುತ್ತು ನೋಡಿದಳು. ‘ಸುತ್ತ ನೋಡ್ದೆ. ಗಾಳಿ ಇದೆ. ಬೆಳಕಿದೆ. ಕುರ್ಚಿ ಹಾಯಾಗಿದೆ. ಎಲ್ಲಿ ಅಂತ ಕೈ ತೋರಿಸ್ಲೋ? ನೀನು ಒಂದೂ ಬಿಟ್ಟಿಲ್ವಲ್ಲ. ನಂಗೆ ಬೇಡ, ಅಷ್ಟೇ, ಅಂತ ಅನ್ನಬೇಕಾಗಿತ್ತು. ಬಾಯಿಗೇ ಬರ್ಲಿಲ್ಲ. ಸುಮ್ಸುಮ್ನೆ ಬೇಡ ಅಂತ ನಾನು ಯಾವತ್ತು ಅಂದಿದೀನಿ ಹೇಳು?’

ನನಗೆ ಅಳು ಬಂದುಬಿಟ್ಟಿತು. ‘ಈಗಲೇ ಓಡಿಹೋಗಿ ಹೇಳ್ತೀನಿ, ಇನ್ನೂ ಬೀದೀಲೇ ಇರ್ತಾರೆ. ಇಲ್ಲ ಅನ್ನಬೇಡ ಅಕ್ಕಾ, ನಿನ್ನ ದಮ್ಮಯ್ಯ’ ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಡುಮನೆಯಿಂದ ಅತ್ತೆಯ ದನಿ ಬಂತು.

‘ಏ ಹುಡುಗಿ, ಹೆಂಗೂ ಇನ್ನು ಮನೇಲೇ ಇರ್ತೀಯಲ್ಲ, ಸೋಮವಾರದಿಂದ ಮಧ್ಯಾಹ್ನವೂ ಬಿಸಿಬಿಸಿ ಅಡುಗೆ ಮಾಡಿಬಿಡಮ್ಮಾ. ಮಾಡ್ತೀಯಾ?’

ನಾನು ಅಕ್ಕನ ಬಾಯನ್ನೇ ನೋಡುತ್ತಿದ್ದೆ.

‘ಆಗ್ಲಿ ಅತ್ತೆ’ ಎಂದಳು.